ಗೇಮ್‌ಗೆ ಕೊಟ್ಟ ದುಡ್ಡು ವಸೂಲಾಯ್ತು ಅಂತ ನೀವು ಹೇಗೆ ಲೆಕ್ಕ ಹಾಕ್ತೀರಿ?

ಟಿಳಕವಾಡಿ ಹುಡುಗ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ಜೂನ್ ಕೊನೆಗೆ ಸ್ಟೀಮ್‌ನ (ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ) ಬೇಸಿಗೆ ಸೇಲ್ ಬರುತ್ತದೆ. ಈ ಸಲ ನನ್ನ ಕೈಯಲ್ಲಿರುವುದು 2000 ರೂಪಾಯಿ ಅಷ್ಟೇ. ಕಳೆದ ವರ್ಷದ ಹಾಗೆ ಕಣ್ಣಿಗೆ ಕಂಡಿದ್ದನ್ನೆಲ್ಲ ಕೊಂಡು ಆಮೇಲೆ ಹೊಟ್ಟೆ ಉರಿಸಿಕೊಳ್ಳುವುದು ಬೇಡ ಅಂತ ಒಂದು ಹಳೇ ನೋಟ್‌ಬುಕ್ ತೆಗೆದು ಲೆಕ್ಕ ಬರೆದೆ. ಎಡಗಡೆ ಕೊಟ್ಟ ದುಡ್ಡು, ಬಲಗಡೆ ಆಡಿದ ಗಂಟೆ. ಭಾಗಿಸಿದರೆ ಗಂಟೆಗೆ ಎಷ್ಟು ಬಿತ್ತು ಅಂತ ಗೊತ್ತಾಗುತ್ತೆ.

ಸ್ಟಾರ್‌ಡ್ಯೂ ವ್ಯಾಲಿ: 480 ರೂಪಾಯಿ, 192 ಗಂಟೆ. ಗಂಟೆಗೆ ಎರಡೂವರೆ ರೂಪಾಯಿ.
ಹಾಲೋ ನೈಟ್: ಸೇಲ್‌ನಲ್ಲಿ 240, 40 ಗಂಟೆ. ಗಂಟೆಗೆ 6 ರೂಪಾಯಿ.
ಇನ್‌ಸೈಡ್: 150, ಮೂರೂವರೆ ಗಂಟೆ. ಗಂಟೆಗೆ ಹೆಚ್ಚೂಕಡಿಮೆ 43.
ಹೆಸರು ಬೇಡ, ಒಂದು ದೊಡ್ಡ ಓಪನ್ ವರ್ಲ್ಡ್ ಗೇಮ್: ಬಿಡುಗಡೆಯಾದ ವಾರವೇ 2999 ಕೊಟ್ಟೆ, 14 ಗಂಟೆ ಆಡಿ ಬಿಟ್ಟೆ. ಗಂಟೆಗೆ 214!

ಇದನ್ನು ನೋಡಿದ ಮೇಲೆ 60 ಗಂಟೆಗಿಂತ ಕಡಿಮೆ ಇರುವ ಗೇಮ್ ಕೊಳ್ಳಲೇಬಾರದು ಅನ್ನಿಸುತ್ತಿದೆ. ಲ್ಯಾಪ್‌ಟಾಪ್‌ನಲ್ಲಿ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ಇದೆ, 8 ಜಿಬಿ ರ್‍ಯಾಮ್. ಹಳೇ ಪ್ಯಾಡ್ (ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್) ಒಂದಿದೆ. ತಮ್ಮ ಹಾಸ್ಟೆಲ್‌ನಿಂದ 15 ದಿನ ರಜೆಗೆ ಬರ್ತಾನೆ, ಆಡೋಕೆ ಅವನೂ ಇರ್ತಾನೆ. ನೀವು ಹೇಗೆ ಲೆಕ್ಕ ಹಾಕ್ತೀರಿ? 2000ಕ್ಕೆ ಏನು ಕೊಳ್ಳಲಿ?

ಎರಡನೇ ಸೆಮ್, ಬೆಳಗಾವಿ

ಅಣ್ಣಾ, 2000 ಬ್ಯಾಂಕ್‌ನಲ್ಲೇ ಇಡಿ. ಕೌಂಟರ್ ಸ್ಟ್ರೈಕ್ 2 ಉಚಿತ. ವ್ಯಾಲರಂಟ್ ಉಚಿತ. ರಾಕೆಟ್ ಲೀಗ್ 2020ರಿಂದ ಉಚಿತ. ಎಪಿಕ್ ಸ್ಟೋರ್‌ನವರು 2018ರ ಡಿಸೆಂಬರ್‌ನಿಂದ ಸುಮ್ನೆ ಗೇಮ್ ಹಂಚುತ್ತಿದ್ದಾರೆ, 2020ರ ಮೇ ತಿಂಗಳಲ್ಲಿ ಜಿಟಿಎ 5ನ್ನೇ ಕೊಟ್ಟರು. ಸೊನ್ನೆಯನ್ನು ಎಷ್ಟು ಗಂಟೆಯಿಂದ ಭಾಗಿಸಿದರೂ ಸೊನ್ನೆಯೇ.

ಜೋಳದ ರೊಟ್ಟಿ, ಬಾಗಲಕೋಟೆ

ವಿಚರ್ 3. ಎರಡು ಎಕ್ಸ್‌ಪಾನ್ಷನ್ (ಆಮೇಲೆ ಬಂದ ಹೆಚ್ಚುವರಿ ಕಥೆ) ಸೇರಿ ಸೇಲ್‌ನಲ್ಲಿ ನನಗೆ 300ರ ಒಳಗೆ ಸಿಕ್ಕಿತ್ತು. 110 ಗಂಟೆ ಆಡಿದೆ. ಅಷ್ಟೇ ಉತ್ತರ.

ಶಹಾಪುರದ ಅಕ್ಕ, ಬೆಳಗಾವಿ

ತಮ್ಮಾ, ನಿನ್ನ ನೋಟ್‌ಬುಕ್ ಚೆನ್ನಾಗಿದೆ, ಆದರೆ ಎರಡು ತಪ್ಪಿವೆ.

ಒಂದು, ಆ 192 ಗಂಟೆ ನಿಜವಾದ 192 ಅಲ್ಲ. ಗೇಮ್ ತೆರೆದಿದ್ದರೆ ಸಾಕು, ಸ್ಟೀಮ್ ಗಂಟೆ ಎಣಿಸುತ್ತೆ. ನೀನು ಪಾಜ್ ಒತ್ತಿ ಊಟಕ್ಕೆ ಹೋದ ಹೊತ್ತೂ ಅದರಲ್ಲಿ ಸೇರಿದೆ.

ಎರಡನೆಯದು ದೊಡ್ಡದು. ಎಲ್ಲಾ ಗಂಟೆಗೂ ಒಂದೇ ಬೆಲೆ ಕಟ್ಟಿದ್ದೀಯ. ಅಸ್ಯಾಸಿನ್ಸ್ ಕ್ರೀಡ್ 2ರಲ್ಲಿ ಊರೆಲ್ಲ ಸುತ್ತಿ 100 ಗರಿ ಹುಡುಕಬೇಕು. ನಾನು ಹುಡುಕಿದೆ. ಕೊನೆಗೆ ಪಟ್ಟಿ ಇಟ್ಟುಕೊಂಡು ಒಂದೊಂದೇ ಗೀಟು ಹಾಕುತ್ತಾ ಹೋದೆ. ಆ ಹತ್ತು ಗಂಟೆಯೂ, ಇನ್‌ಸೈಡ್‌ನ ಕೊನೆಯ ಅರ್ಧ ಗಂಟೆಯೂ ಒಂದೇ ತೂಕವಾ? ಇನ್‌ಸೈಡ್ ಮುಗಿದ ರಾತ್ರಿ ನಿನಗೆ ನಿದ್ದೆ ಬಂತಾ, ನಿಜ ಹೇಳು.

ಟಿಳಕವಾಡಿ ಹುಡುಗ

ಬರಲಿಲ್ಲ ಅಕ್ಕಾ. ಎರಡು ಗಂಟೆವರೆಗೂ ಆ ಕೊನೆಯ ದೃಶ್ಯವೇ ತಲೆಯಲ್ಲಿತ್ತು.

ಊಟದ ಮಾತೂ ಸರಿ. 192ರಲ್ಲಿ 30 ಕಳೆದೆ. ಆದರೂ ಗಂಟೆಗೆ 3 ರೂಪಾಯಿ.

ಜೋಳದ ರೊಟ್ಟಿ

ಗರಿ ಹುಡುಕುವುದು ನನಗೆ ಬಹಳ ಇಷ್ಟವಾಗಿತ್ತು ಅಕ್ಕಾ. ಫ್ಲಾರೆನ್ಸ್, ವೆನಿಸ್ ಊರುಗಳ ಮಾಳಿಗೆ ಮೇಲೆಲ್ಲ ಓಡಾಡಿದ್ದು ಅದರಿಂದಲೇ. ನಿಮಗೆ ಬೇಜಾರಾದದ್ದು ಎಲ್ಲರಿಗೂ ಬೇಜಾರು ಅಂತ ಹೇಳಬೇಡಿ.

ಶಹಾಪುರದ ಅಕ್ಕ

ಅದನ್ನೇ ನಾನೂ ಹೇಳ್ತಿರೋದು. ನಿಮ್ಮ ಗಂಟೆ ಬೇರೆ, ನನ್ನ ಗಂಟೆ ಬೇರೆ. ಡಬ್ಬದ ಮೇಲೆ 60 ಗಂಟೆ ಅಂತ ಬರೆದದ್ದು ನೋಡಿ ಕೊಳ್ಳಬಾರದು.

ಗುಮ್ಮಟದ ಸದ್ದು, ವಿಜಯಪುರ

ಗಂಟೆ ಲೆಕ್ಕದ ಮಾತು ಬಂತು, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ವಯಸ್ಸಿನವರಿಗೆ ಈ ಲೆಕ್ಕ ಕಲಿಸಿದ್ದೇ ಸೈಬರ್ ಕೆಫೆ.

ನಾನು ಪಿಯುಸಿ ಇದ್ದಾಗ ಗಾಂಧಿ ಚೌಕದಿಂದ ಸ್ವಲ್ಪ ದೂರ ಒಂದು ಮಾಳಿಗೆ ಮೇಲೆ ಎಂಟು ಕಂಪ್ಯೂಟರ್ ಇದ್ದವು. ಗಂಟೆಗೆ 15 ರೂಪಾಯಿ. ಬಾಗಿಲ ಹತ್ತಿರ ಗೀಟು ಹಾಕಿದ ಉದ್ದನೆಯ ಪುಸ್ತಕ, ದಾರಕ್ಕೆ ಕಟ್ಟಿದ ಪೆನ್ಸಿಲ್. ಹೆಸರು ಬರೆದು ಬಂದ ಟೈಮ್ ಹಾಕಬೇಕು. ಕೌಂಟರ್ ಸ್ಟ್ರೈಕ್ 1.6 ಆಡುತ್ತಿದ್ದೆವು. ನನ್ನ ಹತ್ತಿರ ಇರುತ್ತಿದ್ದದ್ದು ವಾರಕ್ಕೆ 15 ರೂಪಾಯಿಯೇ. ಒಂದು ಗಂಟೆ. ಭಾನುವಾರ ಹತ್ತಕ್ಕೆ ಹೋಗಿ ಹನ್ನೊಂದಕ್ಕೆ ಏಳುತ್ತಿದ್ದೆ. ಐದು ಹುಡುಗರು ಕುರ್ಚಿ ಹಿಂದೆ ನಿಂತು 'ಎಡಕ್ಕೆ, ಎಡಕ್ಕೆ' ಅಂತ ಕೂಗುತ್ತಿದ್ದರು. ಎದ್ದ ಮೇಲೆ ನಾನೂ ಹಾಗೇ ಇನ್ನೊಬ್ಬರ ಹಿಂದೆ ನಿಲ್ಲುತ್ತಿದ್ದೆ. ಒಂದು ಗಂಟೆ ದುಡ್ಡು ಕೊಟ್ಟು ಮೂರು ಗಂಟೆ ಇರುತ್ತಿದ್ದೆ.

ಈಗ ನನ್ನ ಲೈಬ್ರರಿಯಲ್ಲಿ 140 ಗೇಮ್ ಇವೆ. ಅರ್ಧಕ್ಕಿಂತ ಜಾಸ್ತಿ ಒಮ್ಮೆಯೂ ತೆರೆದಿಲ್ಲ. 90 ರೂಪಾಯಿ, 120 ರೂಪಾಯಿ ಅಂತ ಸೇಲ್‌ನಲ್ಲಿ ತುಂಬಿಕೊಂಡದ್ದು. ಅಗ್ಗ ಅಂತ ಮುಗ್ಗಲ ಜೋಳ ತಂದ ಹಾಗೆ. ನನ್ನ ಸಲಹೆ ಒಂದೇ: ಈ ವಾರ ಆಡದ ಗೇಮ್ ಈ ವಾರ ಕೊಳ್ಳಬೇಡಿ. ಸೇಲ್ ಮತ್ತೆ ಡಿಸೆಂಬರ್‌ನಲ್ಲಿ ಬರುತ್ತೆ.

ಅಮೀನಗಡ ಕರದಂಟು, ಬಾಗಲಕೋಟೆ

'ಎಡಕ್ಕೆ, ಎಡಕ್ಕೆ'. ಅಣ್ಣಾ, ನಮ್ಮೂರಲ್ಲೂ ಇದೇ ಇತ್ತು. ಅದಕ್ಕೂ ಮುಂಚೆ ಟಿವಿಗೆ ಹಚ್ಚುವ ವಿಡಿಯೋ ಗೇಮ್, ಹಳದಿ ಕ್ಯಾಸೆಟ್. 9999 ಗೇಮ್ ಅಂತ ಬರೆದಿರುತ್ತಿತ್ತು, ಒಳಗೆ ಅದೇ ಹತ್ತು ಹದಿನೈದು ಗೇಮ್ ತಿರುಗಿ ತಿರುಗಿ ಬರುತ್ತಿದ್ದವು. ಕಾಂಟ್ರಾ ಮಾತ್ರ ಇಬ್ಬರೂ ಕೂತು ಆಡುತ್ತಿದ್ದೆವು.

ನವನಗರ ನೈಟ್, ಬಾಗಲಕೋಟೆ

ಪಿಸಿಯವರೇ ಎಲ್ಲಾ ಮಾತಾಡ್ತಿದ್ದೀರಿ. ನನ್ನ ಹತ್ತಿರ ಪಿಎಸ್4 (ಟಿವಿಗೆ ಹಚ್ಚುವ ಪ್ಲೇಸ್ಟೇಷನ್) ಇದೆ. ನನ್ನ ಲೆಕ್ಕದಲ್ಲಿ ಕೊಂಡ ಬೆಲೆಗೆ ಅರ್ಥವೇ ಇಲ್ಲ. ಕೊಂಡ ಬೆಲೆಯಲ್ಲಿ ಮಾರಿದ ಬೆಲೆ ಕಳೆಯಬೇಕು.

ಗಾಡ್ ಆಫ್ ವಾರ್ ಡಿಸ್ಕ್ 1500ಕ್ಕೆ ಕೊಂಡೆ. ಒಂದು ತಿಂಗಳಲ್ಲಿ ಮುಗಿಸಿ ವಿದ್ಯಾಗಿರಿಯ ಒಬ್ಬ ಹುಡುಗನಿಗೆ 1100ಕ್ಕೆ ಕೊಟ್ಟೆ. ನನಗೆ ಬಿದ್ದದ್ದು 400. ಆ 1100ಕ್ಕೆ 300 ಸೇರಿಸಿ ಇನ್ನೊಂದು ಡಿಸ್ಕ್. ನಾವು ನಾಲ್ಕು ಜನ ಹೀಗೆ ಡಿಸ್ಕ್ ತಿರುಗಿಸುತ್ತೇವೆ. ಕವರ್ ಒಳಗೆ ಒಂದು ಚೀಟಿ ಇಟ್ಟಿದ್ದೇವೆ, ಯಾರು ಯಾವಾಗ ತೆಗೆದುಕೊಂಡರು ಅಂತ.

ಎರಡನೇ ಸೆಮ್

ಒಳ್ಳೆಯ ಐಡಿಯಾ. ಆದರೆ ಮುಂದೆ ಪಿಎಸ್5 ಡಿಜಿಟಲ್ ಕೊಂಡರೆ ಡಿಸ್ಕ್ ಡ್ರೈವ್ ಇರಲ್ಲ, ಚೀಟಿ ಆಟ ಅಲ್ಲಿಗೆ ಮುಗೀತು.

ನವನಗರ ನೈಟ್

ಅದಕ್ಕೇ ಡ್ರೈವ್ ಇರುವ ಪಿಎಸ್5 ಕೊಳ್ಳುವವರೆಗೆ ದುಡ್ಡು ಕೂಡಿಸ್ತೀನಿ. ಪಿಎಸ್4 ಡಿಸ್ಕ್‌ಗಳೂ ಅದರಲ್ಲಿ ಓಡುತ್ತವೆ.

ಇಂಡಿ ನಿಂಬೆ, ವಿಜಯಪುರ

ಸ್ಟಾರ್‌ಡ್ಯೂ ಬಗ್ಗೆ ನಾನು ಹೇಳಲೇಬೇಕು, ಅದು ಬೇಸಾಯದ ಗೇಮ್. ನಮ್ಮದು ನಿಂಬೆ ತೋಟ, ಎರಡು ಎಕರೆ. ನಾನು ಈ ಗೇಮ್ ಆಡುವಾಗ ಅಪ್ಪ ಹಿಂದೆ ಬಂದು ನಿಂತರು. ಶುರುವಿನಲ್ಲಿ ಊರಿನ ಮೇಯರ್ 15 ಪಾರ್ಸ್ನಿಪ್ ಬೀಜ ಕೊಡುತ್ತಾನೆ. 'ಇದೇನು, ಮೂಲಂಗಿಯಾ?' ಅಂದರು. ನೋಡಲು ಹಾಗೇ, ಆದರೆ ಗಜ್ಜರಿ ಜಾತಿಯದ್ದು ಅಂದೆ. 'ಎಷ್ಟು ದಿನಕ್ಕೆ ಬರುತ್ತೆ?' ನಾಲ್ಕು ದಿನ. 'ಬೀಜಕ್ಕೆ ಎಷ್ಟು, ಮಾರಿದರೆ ಎಷ್ಟು?' ಬೀಜ 20, ಮಾರಿದರೆ 35. ಆಲೂಗಡ್ಡೆ ಬೀಜ 50, ಆರು ದಿನ, ಮಾರಿದರೆ 80.

ಅಪ್ಪ ಕುರ್ಚಿ ಎಳೆದುಕೊಂಡು ಕೂತರು. ಬೆರಳಲ್ಲಿ ಎಣಿಸಿದರು. 'ಮೂಲಂಗಿ ಹಾಕು. ದುಡ್ಡು ಬೇಗ ಕೈಗೆ ಬಂದು ಮತ್ತೆ ನೆಲಕ್ಕೆ ಹೋಗ್ತದೆ. ಆಲೂಗಡ್ಡೆ ಸ್ವಲ್ಪೇ ಹಾಕು.' ಅವತ್ತಿನಿಂದ ಮಳೆಗಾಲ ಮುಗಿಯುವವರೆಗೆ ದಿನಾ ರಾತ್ರಿ ಊಟ ಆದ ಮೇಲೆ ಅರ್ಧ ಗಂಟೆ ಇಬ್ಬರೂ ಕೂರುತ್ತಿದ್ದೆವು. ನೀರು ಹಾಕುವುದನ್ನು ನಾನು ಮರೆತರೆ ಅವರಿಗೆ ನಿಜವಾಗಿಯೂ ಸಿಟ್ಟು ಬರುತ್ತಿತ್ತು. ಸ್ಪ್ರಿಂಕ್ಲರ್ ಮಾಡಿದ ದಿನ ಎಷ್ಟು ಖುಷಿಪಟ್ಟರು!

480 ರೂಪಾಯಿ. ನಾನೂ ಅಪ್ಪನೂ ಬೇರೆ ಯಾವುದರ ಬಗ್ಗೆಯೂ ಅಷ್ಟು ಮಾತಾಡಿರಲಿಲ್ಲ. ಇದನ್ನು ಗಂಟೆಯಿಂದ ಹೇಗೆ ಭಾಗಿಸಲಿ?

ಶಹಾಪುರದ ಅಕ್ಕ

ಓದಿ ಕಣ್ಣು ತುಂಬಿ ಬಂತು. ಅಪ್ಪನವರಿಗೆ ನನ್ನ ನಮಸ್ಕಾರ ಹೇಳಿ.

ಜೋಳದ ರೊಟ್ಟಿ

ಆ ಗೇಮ್ ಮಾಡಿದವರು ಒಬ್ಬರೇ, ಎರಿಕ್ ಬರೋನ್. ಚಿತ್ರ, ಸಂಗೀತ, ಕೋಡ್ ಎಲ್ಲಾ ಅವರದ್ದೇ. 2016ರಲ್ಲಿ ಬಂತು, 2024ರಲ್ಲಿ 1.6 ಅಪ್‌ಡೇಟ್ ಕೊಟ್ಟರು, ಅದಕ್ಕೂ ದುಡ್ಡು ಕೇಳಲಿಲ್ಲ. ಬೆಲೆ ನೋಡುವಾಗ ಇದನ್ನೂ ನೋಡಬೇಕು. ಕೊಂಡ ಮೇಲೆ ಗೇಮ್ ಬೆಳೆಯಿತಾ, ಇಲ್ಲ ಪ್ರತಿ ಚೂರಿಗೂ ಬೇರೆ ಬಿಲ್ ಬಂತಾ?

ಗುಮ್ಮಟದ ಸದ್ದು

ಒಂದು ಎಚ್ಚರಿಕೆ. ಸ್ಟಾರ್‌ಡ್ಯೂನಲ್ಲಿ ರಾತ್ರಿ ಮಲಗಿದಾಗ ಮಾತ್ರ ಸೇವ್ ಆಗುತ್ತೆ. ಡೆಸ್ಕ್‌ಟಾಪ್ ಇದ್ದು ಯುಪಿಎಸ್ ಇಲ್ಲದಿದ್ದರೆ ನಮ್ಮ ಕಡೆ ಗಾಳಿ ಮಳೆ ದಿನಗಳಲ್ಲಿ ಒಂದು ಇಡೀ ದಿನದ ಕೆಲಸ ಹೋಗುತ್ತೆ. ನನಗೆ ಮೂರು ಸಲ ಹೋಗಿದೆ. ಲ್ಯಾಪ್‌ಟಾಪ್‌ನವರಿಗೆ ಚಿಂತೆಯಿಲ್ಲ.

ಇಳಕಲ್ ದಡಿ, ಬಾಗಲಕೋಟೆ

ನಾನು ಗೇಮ್ ಆಡುವವಳಲ್ಲ, ಮಗ ಆಡುತ್ತಾನೆ. 'ಉಚಿತ ಗೇಮ್ ಸೊನ್ನೆ ರೂಪಾಯಿ' ಅಂತ ಮೇಲೆ ಬರೆದದ್ದು ನೋಡಿ ಸುಮ್ಮನಿರಲು ಆಗಲಿಲ್ಲ.

ನನ್ನ ಮಗ ಒಂಬತ್ತನೇ ಕ್ಲಾಸ್. ಒಂದು ಉಚಿತ ಮೊಬೈಲ್ ಗೇಮ್, ಹೆಸರು ಬರೆಯುವುದಿಲ್ಲ. ಬಂದೂಕಿಗೆ ಬಣ್ಣ, ಬಟ್ಟೆ, ಪೆಟ್ಟಿಗೆ ತೆಗೆಯುವುದು. 89 ರೂಪಾಯಿ, 199 ರೂಪಾಯಿ, ಹೀಗೆ ಸಣ್ಣ ಸಣ್ಣದಾಗಿ. ನಾಲ್ಕು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಕೂಡಿಸಿದೆ, 4,300 ಆಗಿತ್ತು. ನಾನು ಸೀರೆಗೆ ಗೊಂಡೆ ಕಟ್ಟಿ ಕೂಡಿಸಿದ ದುಡ್ಡು. ಹೊಡೆಯಲಿಲ್ಲ, ಬೈಯಲಿಲ್ಲ. ಕೂರಿಸಿಕೊಂಡು ಪಟ್ಟಿ ತೋರಿಸಿದೆ. ಅವನೇ ಅತ್ತ.

ಈಗ ವರ್ಷಕ್ಕೆ ಎರಡು ಸಲ ಒಂದೊಂದು ಗೇಮ್ ದುಡ್ಡು ಕೊಟ್ಟು ಕೊಡಿಸುತ್ತೇನೆ. ಒಮ್ಮೆ ಕೊಟ್ಟರೆ ಮುಗೀತು, ಮತ್ತೆ ಕೇಳುವುದಿಲ್ಲ ಅನ್ನುವಂಥದ್ದು. ನನಗೆ ಅದೇ ಅಗ್ಗ.

ಎರಡನೇ ಸೆಮ್

ಆಂಟಿ, ನಿಮ್ಮ ಮಾತು ಒಪ್ಪಿದೆ. ನಾನು ಏನೂ ಕೊಳ್ಳದೆ ಆಡ್ತೀನಿ, ಆದರೆ ನನ್ನ ರೂಮಿನಲ್ಲೇ ಇಬ್ಬರು ಗೇಮ್ ಒಳಗಿನ ಚಾಕುವಿನ ಬಣ್ಣಕ್ಕೆ ಸಾವಿರಗಟ್ಟಲೆ ಹಾಕಿದ್ದಾರೆ. ಸೊನ್ನೆಯ ಮಾತು ಹಿಂದಕ್ಕೆ ತೆಗೆದುಕೊಳ್ತೀನಿ.

ಅಮೀನಗಡ ಕರದಂಟು

ರಮ್ಮಿ ಆ್ಯಪ್‌ನಲ್ಲಿ ಆಡಿದರೆ ದುಡ್ಡೇ ವಾಪಸ್ ಬರುತ್ತೆ ಅಂತ ನಮ್ಮ ಸಂಬಂಧಿಕರೊಬ್ಬರು ಹೇಳುತ್ತಿದ್ದರು. ಅದೂ ಗೇಮಿಂಗ್ ಅಂತೆ.

ನವನಗರ ನೈಟ್

ಅದು ಜೂಜು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು 2025ರ ಆಗಸ್ಟ್‌ನಲ್ಲಿ ಸಂಸತ್ತಿನಲ್ಲಿ ಪಾಸಾಯಿತು. ಇಲ್ಲಿ ಅದರ ಮಾತು ಬೇಡ.

ಕೋಟೆ ಕೆರೆ, ಬೆಳಗಾವಿ

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಕೊಂಡ ಗೇಮ್ ಎಷ್ಟು ವರ್ಷ ನಿಮ್ಮ ಹತ್ತಿರ ಉಳಿಯುತ್ತೆ?

ದಿ ಕ್ರೂ ಅಂತ 2014ರ ಕಾರ್ ರೇಸ್ ಗೇಮ್. 2024ರ ಮಾರ್ಚ್ 31ಕ್ಕೆ ಸರ್ವರ್ ಮುಚ್ಚಿದರು. ಒಬ್ಬರೇ ಆಡುವುದಕ್ಕೂ ಸರ್ವರ್ ಬೇಕಿತ್ತು, ಹಾಗಾಗಿ ದುಡ್ಡು ಕೊಟ್ಟವರಿಗೂ ಗೇಮ್ ಇಲ್ಲವಾಯಿತು. ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಅನ್ನುವ ಅಭಿಯಾನ ಶುರುವಾದದ್ದು ಅದರಿಂದಲೇ. ಈಗ ಸ್ಟೀಮ್‌ನಲ್ಲೂ ಕೊಳ್ಳುವಾಗ 'ನಿಮಗೆ ಸಿಗುವುದು ಲೈಸೆನ್ಸ್' ಅಂತ ಬರೆದಿರುತ್ತೆ, ಅಂದರೆ ಆಡುವ ಅನುಮತಿ ಅಷ್ಟೇ. ನಾನು ಕೊಳ್ಳುವ ಮುಂಚೆ ನೋಡುವುದು ಒಂದೇ: ನೆಟ್ ಇಲ್ಲದೆ ಓಡುತ್ತಾ? ಓಡಿದರೆ ಮಾತ್ರ ದುಡ್ಡು ಕೊಡ್ತೀನಿ.

ಜೋಳದ ರೊಟ್ಟಿ

ಹೌದ್ರಿ. ಬಿಜಿಎಂಐ (ಪಬ್‌ಜಿ ಮೊಬೈಲ್‌ನ ಭಾರತದ ಆವೃತ್ತಿ) ಕೂಡ 2022ರ ಜುಲೈನಲ್ಲಿ ಸ್ಟೋರ್‌ನಿಂದ ಹೋಗಿ 2023ರ ಮೇ ತಿಂಗಳಲ್ಲಿ ಮತ್ತೆ ಬಂತು. ನಡುವಿನ ಹತ್ತು ತಿಂಗಳು ಬಟ್ಟೆ, ಬಂದೂಕು ಕೊಂಡವರಿಗೆಲ್ಲ ಇನ್ನು ಏನು ಗತಿ ಅನ್ನುವುದೇ ಚಿಂತೆ.

ಅಮೀನಗಡ ಕರದಂಟು

ಇಷ್ಟವಾಗದಿದ್ದರೆ ಸ್ಟೀಮ್‌ನಲ್ಲಿ ಎರಡು ದಿನದೊಳಗೆ ವಾಪಸ್ ಕೊಡಬಹುದಲ್ವಾ? ಅಷ್ಟೊಂದು ಯೋಚನೆ ಯಾಕೆ?

ಕೋಟೆ ಕೆರೆ

ಎರಡು ದಿನ ಅಲ್ಲ. ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇರಬೇಕು. ಎರಡೂ ಬೇಕು. ಈ 2 ಗಂಟೆಯನ್ನು ಪರೀಕ್ಷೆಗೆ ಬಳಸಿ. ಮೊದಲು ಸೆಟ್ಟಿಂಗ್ ನೋಡಿ, ನಿಮ್ಮ ಲ್ಯಾಪ್‌ಟಾಪ್ ಎಳೆಯುತ್ತಾ, ಬಿಸಿಯಾಗುತ್ತಾ ನೋಡಿ, ಆಮೇಲೆ ಕಥೆ.

ನವನಗರ ನೈಟ್

ಡೌನ್‌ಲೋಡ್ ಲೆಕ್ಕವನ್ನೂ ಸೇರಿಸಿ. ರೆಡ್ ಡೆಡ್ ರಿಡೆಂಪ್ಷನ್ 2ಕ್ಕೆ 150 ಜಿಬಿ ಜಾಗ ಬೇಕು. ಹಳ್ಳಿಯಲ್ಲಿ ದಿನಕ್ಕೆ 2 ಜಿಬಿ ಮೊಬೈಲ್ ಡೇಟಾದಲ್ಲಿ ಇಳಿಸಿಕೊಂಡರೆ ಎರಡು ತಿಂಗಳು ದಾಟುತ್ತೆ. ಸ್ಟಾರ್‌ಡ್ಯೂಗೆ 500 ಎಂಬಿ ಸಾಕು, ಚಹಾ ಕುದಿಯುವುದರೊಳಗೆ ಬರುತ್ತೆ.

ಶಹಾಪುರದ ಅಕ್ಕ

ತಮ್ಮಾ, ಇಷ್ಟು ಹೊತ್ತು ಎಲ್ಲರೂ ನಿನ್ನ ದುಡ್ಡಿನ ಬಗ್ಗೆ ಮಾತಾಡಿದರು. ನಿನ್ನ ಮೊದಲ ಪೋಸ್ಟ್‌ನಲ್ಲಿ ಒಂದು ಸಾಲಿದೆ: ತಮ್ಮ 15 ದಿನ ರಜೆಗೆ ಬರ್ತಾನೆ. ನಿನಗೆ ಬೇಕಾದ ಉತ್ತರ ಆ ಸಾಲಿನಲ್ಲೇ ಇದೆ.

ಇಟ್ ಟೇಕ್ಸ್ ಟೂ ಕೊಳ್ಳು. 2021ರ ಗೇಮ್, ಆ ವರ್ಷದ ಅತ್ಯುತ್ತಮ ಗೇಮ್ ಪ್ರಶಸ್ತಿ ಬಂದದ್ದು ಅದಕ್ಕೇ. ಒಬ್ಬರೇ ಆಡಲು ಬರುವುದೇ ಇಲ್ಲ, ಇಬ್ಬರು ಬೇಕೇ ಬೇಕು. ಬೇರೆಯಾಗಲು ಹೊರಟ ಗಂಡ ಹೆಂಡತಿ ಬೊಂಬೆಗಳಾಗಿಬಿಡುತ್ತಾರೆ, ಇಬ್ಬರೂ ಕೈಜೋಡಿಸದೆ ಒಂದು ಹೆಜ್ಜೆ ಮುಂದೆ ಹೋಗಲು ಆಗಲ್ಲ. ಒಬ್ಬರ ಕೈಯಲ್ಲಿ ಮೊಳೆ, ಇನ್ನೊಬ್ಬರ ಕೈಯಲ್ಲಿ ಸುತ್ತಿಗೆ. ಅವನು ಮೊಳೆ ಎಸೆದರೆ ನೀನು ಅದಕ್ಕೆ ಜೋತುಬಿದ್ದು ದಾಟಬೇಕು.

ನಾನೂ ನನ್ನ ತಂಗಿಯೂ ಅವಳ ಮದುವೆಗೆ ಮುಂಚಿನ ಒಂದು ವಾರ ಆಡಿದೆವು. ಮನೆ ತುಂಬ ನೆಂಟರು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಸದ್ದು ಕಡಿಮೆ ಮಾಡಿ, ಪಕ್ಕದಲ್ಲಿ ಕುಂದಾ ಡಬ್ಬ. ಅವಳ ಕೈಗೆ ಮದರಂಗಿ ಹಚ್ಚಿದ ರಾತ್ರಿ ಅವಳು ಪ್ಯಾಡ್ ಮುಟ್ಟುವ ಹಾಗಿರಲಿಲ್ಲ. ಅಂಗೈ ಮೇಲೆತ್ತಿಕೊಂಡು ಪಕ್ಕದಲ್ಲಿ ಕೂತು 'ನಾಳೆ ಆಡೋಣ, ನೀನೊಬ್ಬಳೇ ಹೋಗಬೇಡ' ಅಂದಳು. ಒಬ್ಬಳೇ ಹೋಗಲು ಹೇಗೂ ಆಗುತ್ತಿರಲಿಲ್ಲ. 13 ಗಂಟೆಯಲ್ಲಿ ಗೇಮ್ ಮುಗಿಯಿತು. ಅವಳು ಈಗ ಸೊಲ್ಲಾಪುರದಲ್ಲಿದ್ದಾಳೆ.

ಒಂದೇ ಮನೆಯಲ್ಲಿ ಆಡಲು ಒಂದು ಕಾಪಿ, ಒಂದು ಪ್ಯಾಡ್ ಸಾಕು, ಇನ್ನೊಬ್ಬರು ಕೀಬೋರ್ಡ್. ತಮ್ಮ ಹಾಸ್ಟೆಲ್‌ಗೆ ವಾಪಸ್ ಹೋದ ಮೇಲೂ ಫ್ರೆಂಡ್ಸ್ ಪಾಸ್ ಹಾಕಿಕೊಂಡರೆ ಅವನು ದುಡ್ಡು ಕೊಡದೆ ನಿನ್ನ ಜೊತೆ ಆನ್‌ಲೈನ್‌ನಲ್ಲಿ ಆಡಬಹುದು.

ಟಿಳಕವಾಡಿ ಹುಡುಗ

ಅಕ್ಕಾ, 60 ಗಂಟೆಗಿಂತ ಕಡಿಮೆ ಬೇಡ ಅಂತ ನಾನೇ ಬರೆದಿದ್ದೆ, 13 ಗಂಟೆಯ ಗೇಮ್‌ಗೆ ದುಡ್ಡು ಕೊಡಲು ಕೈ ಬರುತ್ತಿಲ್ಲ. ಮುಗಿದ ಮೇಲೆ ಏನು ಮಾಡುವುದು?

ಗುಮ್ಮಟದ ಸದ್ದು

ರಜೆ ಇರುವುದೇ 15 ದಿನ. 13 ಗಂಟೆ ಅಳತೆ ಮಾಡಿಸಿದ ಹಾಗಿದೆ. ಮುಗಿದ ಮೇಲೆ ಒಬ್ಬನೇ ಆಡಲು ವಿಚರ್ 3 ತಗೋ. 2000ದಲ್ಲಿ ಎರಡೂ ಬರುತ್ತವೆ.

ಕೋಟೆ ಕೆರೆ

ದುಡ್ಡು ಉಳಿದರೆ ರಾಜಿ ಅನ್ನುವ ಗೇಮ್ ನೋಡು. ಇಲ್ಲೇ ಪಕ್ಕದ ಪುಣೆಯ ನೋಡಿಂಗ್ ಹೆಡ್ಸ್ ತಂಡ 2020ರಲ್ಲಿ ಮಾಡಿದ್ದು. ತಮ್ಮನನ್ನು ಹುಡುಕಿಕೊಂಡು ಹೋಗುವ ಹುಡುಗಿಯ ಕಥೆ, ನಡುವೆ ತೊಗಲುಗೊಂಬೆ ಆಟದ ಹಾಗೆ ಕಥೆ ಹೇಳುತ್ತಾರೆ. ಚಿಕ್ಕ ಗೇಮ್, ಎರಡು ಮೂರು ಸಂಜೆಯಲ್ಲಿ ಮುಗಿಯುತ್ತೆ. ಕಾಳಗ ಕೆಲವು ಕಡೆ ಒರಟು. ಆದರೂ ನಮ್ಮ ದೇಶದ ಮಂಟಪ, ಕೊಳ, ರಂಗೋಲಿ ಗೇಮ್ ಒಳಗೆ ನೋಡಿದಾಗ ಆಗುವ ಖುಷಿಯೇ ಬೇರೆ.

ಟಿಳಕವಾಡಿ ಹುಡುಗ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಸೇಲ್‌ನಲ್ಲಿ ಇಟ್ ಟೇಕ್ಸ್ ಟೂ, ವಿಚರ್ 3 ಕೊಂಡೆ. ಇನ್ನೂ ಸ್ವಲ್ಪ ದುಡ್ಡು ಉಳಿದಿದೆ, ರಾಜಿಯನ್ನು ಡಿಸೆಂಬರ್‌ಗೆ ಇಟ್ಟಿದ್ದೇನೆ. ಗುಮ್ಮಟ ಅಣ್ಣ ಹೇಳಿದ ಮಾತು, ಈ ವಾರ ಆಡದ್ದು ಈ ವಾರ ಬೇಡ.

ಮೊದಲ ರಾತ್ರಿ ತಮ್ಮ ಪ್ಯಾಡ್ ತಗೊಂಡ, ನಾನು ಕೀಬೋರ್ಡ್. ಪ್ಯಾಡ್‌ನ ಎಡಗಡೆ ಸ್ಟಿಕ್ ಕೈ ಬಿಟ್ಟರೂ ತಾನೇ ಪಕ್ಕಕ್ಕೆ ಓಡುತ್ತೆ. ಅವನು ಹಳ್ಳಕ್ಕೆ ಬೀಳುವುದು, ನಾನು ಕಾಯುವುದು. ನಾಲ್ಕನೇ ದಿನ ಅವನೇ ಸ್ಟಿಕ್ ಬುಡಕ್ಕೆ ಒಂದು ರಬ್ಬರ್ ಬ್ಯಾಂಡ್ ಸುತ್ತಿದ. ಪ್ಲಸ್ ಟೂ ಮುಗಿದ ಮೇಲೆ ಅವನು ಇಷ್ಟು ಮಾತಾಡಿದ್ದು ನಾನು ನೋಡಿರಲಿಲ್ಲ. ಹಾಸ್ಟೆಲ್ ಊಟ, ಒಂದು ಪೇಪರ್ ಹೋಗಿದ್ದು, ಅಮ್ಮನಿಗೆ ಹೇಳದೆ ಇಟ್ಟದ್ದು, ಎಲ್ಲಾ ಆಡುತ್ತಾ ಆಡುತ್ತಾ ಹೇಳಿದ. ಕೊನೆಯ ಎರಡು ಅಧ್ಯಾಯ ಬೇಕೆಂದೇ ಉಳಿಸಿಕೊಂಡಿದ್ದೇವೆ, ಅವನು ಹೋದ ಮೇಲೆ ಆನ್‌ಲೈನ್‌ನಲ್ಲಿ ಆಡಲು. ನೋಟ್‌ಬುಕ್‌ನಲ್ಲಿ ಆ ಸಾಲಿನ ಗಂಟೆಯ ಜಾಗ ಖಾಲಿ ಬಿಟ್ಟಿದ್ದೇನೆ.

ಈಗ ಪ್ಯಾಡ್ ಸರಿ ಮಾಡಿಸಬೇಕು. ಹೊಸದು ಕೊಳ್ಳಲೇಬೇಕಾ?

ನವನಗರ ನೈಟ್

ಬೇಡ. ಸ್ಟಿಕ್ ಒಳಗೆ ಸಣ್ಣ ಪೊಟೆನ್ಷಿಯೋಮೀಟರ್ ಇರುತ್ತೆ, ಅದು ಸವೆದಾಗ ಅಥವಾ ಧೂಳು ಕೂತಾಗ ಹೀಗೆ ತಾನೇ ಓಡುತ್ತೆ. ಮೊದಲು ಸ್ಟೀಮ್ ಸೆಟ್ಟಿಂಗ್‌ನಲ್ಲಿ ಕಂಟ್ರೋಲರ್ ತೆರೆದು ಡೆಡ್‌ಝೋನ್ (ಸ್ಟಿಕ್ ಸ್ವಲ್ಪ ಅಲುಗಿದರೂ ಲೆಕ್ಕಕ್ಕೆ ತೆಗೆದುಕೊಳ್ಳದ ಜಾಗ) ಸ್ವಲ್ಪ ಜಾಸ್ತಿ ಮಾಡಿ ನೋಡು, ಖರ್ಚಿಲ್ಲ. ಅದಕ್ಕೂ ಸರಿಹೋಗದಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಸ್ವಚ್ಛ ಮಾಡಿಸು. ಕೊನೆಗೆ ಸ್ಟಿಕ್ ಒಂದನ್ನೇ ಬದಲಾಯಿಸಬಹುದು. ಬೆಸುಗೆ ಹಾಕಲು ಬರುವ ಮೊಬೈಲ್ ರಿಪೇರಿಯವರಿಗೆ ಅರ್ಧ ಗಂಟೆ ಕೆಲಸ.

ಟಿಳಕವಾಡಿ ಹುಡುಗ

ಡೆಡ್‌ಝೋನ್ ಹೆಚ್ಚಿಸಿದೆ. ನಿಂತಿತು! ರಬ್ಬರ್ ಬ್ಯಾಂಡ್ ಮಾತ್ರ ಹಾಗೇ ಬಿಟ್ಟಿದ್ದೇನೆ.